ಸಾವಳಗಿ ಅಜ್ಜಿಯ ಲಿಂಗ

ಅಜ್ಜಿಯ ಕೊರಳಿನ ಲಿಂಗ ಬಿಚ್ಚಿದವಳು ನಾನು, ಶೋಭಾ. ಹೆಸರು ಕೆಟ್ಟಿದ್ದು ನಿನ್ನದು.

ನೀನಾಗ ಜಮಖಂಡಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ, ನಾನು ನಿನ್ನ ಟೀಚರು. ನಿನ್ನೂರು ಸಾವಳಗಿಯಿಂದ ಬಂದಿದ್ದ ಅಜ್ಜಿಯನ್ನು ಆಪರೇಷನ್ನಿಗೆ ತಯಾರು ಮಾಡುತ್ತಿದ್ದೆವು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಆಪರೇಷನ್ನಿಗೆ ಮೈಮೇಲೆ ಲೋಹ ಇರಬಾರದು, ತೆಗೆ ಎಂದು ನಾನು ನಿನಗೆ ಹೇಳಿದೆ. ಅಜ್ಜಿ ಎರಡೂ ಕೈಯಿಂದ ಮುಚ್ಚಿ ಹಿಡಿದಳು.

"ಬ್ಯಾಡವ್ವಾ, ಜೀವ ಹೋದ್ರೂ ಇದು ನನ್ನ ಮೈಮ್ಯಾಲ ಇರ್ಲಿ."

ನೀನು ಮೆಲ್ಲಗೆ, "ಮ್ಯಾಡಮ್, ಬೆಳ್ಳಿ ಅಷ್ಟ ತಗದು, ಲಿಂಗ ಬ್ಯಾಂಡೇಜಿನ್ಯಾಗ ಸುತ್ತಿ ರಟ್ಟೆಗೆ ಕಟ್ಟೋಣೇನ್ರಿ? ಡಾಕ್ಟರ್ನ ಒಂದ್ ಮಾತ ಕೇಳೋಣ್ರಿ" ಅಂದೆ.

ಬೆಳಗಿನಿಂದ ನಿಂತು ನಿಂತು ನನ್ನ ಕಾಲು ಬಿದ್ದುಹೋಗಿದ್ದವು — ಅಲ್ಲ, ಅದನ್ನು ಈಗ ಯಾಕೆ ಹೇಳಲಿ. ರೇಗಿದೆ. "ನಿನ್ನ ಶ್ಯಾಣೇತನ ಸಾಕು. ಇದು ಆಸ್ಪತ್ರಿ, ಮಠ ಅಲ್ಲ." ಡಾಕ್ಟರನ್ನು ಕೇಳಿದ್ದರೆ ಹೂಂ ಅನ್ನುತ್ತಿದ್ದರೇನೋ. ಕೇಳಲಿಲ್ಲ. ನೀನು ಹಿಂಜರಿದೆ, ನಾನೇ ಬಿಚ್ಚಿದೆ. ಅಜ್ಜಿ ಬರಿಗೊರಳಲ್ಲಿ ಅಳುತ್ತ ಒಳಗೆ ಹೋದಳು. ಜೀವಂತವಾಗಿ ಹೊರಗೆ ಬರಲಿಲ್ಲ.

"ಲಿಂಗ ಯಾರ್ರೀ ಬಿಚ್ಚಿದವ್ರು?" ಅಜ್ಜಿಯ ಮಗ ಕೇಳಿದ. ನಾನು ನಿನ್ನ ಕಡೆ ಕೈ ಮಾಡಿದೆ. "ಈ ಹುಡುಗಿ, ತಿಳೀಲಾರ್ದ..." ನೀನು ನನ್ನ ಮುಖ ನೋಡಿದೆ, ಅಷ್ಟೆ. ಬಾಯಿ ಬಿಡಬಹುದಿತ್ತಲ್ಲ — ಛೆ, ನಿನ್ನ ಪಾಸು-ಫೇಲು ನನ್ನ ಕೈಯಲ್ಲಿತ್ತು, ಹೇಗೆ ಬಿಡುತ್ತೀ.

ಈಗ ಆಧ್ಯಾತ್ಮಿಕ ಆರೈಕೆ ಅಂತ ಒಂದು ಪಾಠವಿದೆ. ನಾನೇ ಕಲಿಸುತ್ತೇನೆ, ನೋಡು! ಮೊನ್ನೆ ಒಬ್ಬಳು ಎದ್ದು, "ಲಿಂಗ ಕಟ್ಟಿದವ್ರು ಆಪರೇಷನ್ನಿಗೆ ಬಂದ್ರ ಏನ್ ಮಾಡೋದ್ರಿ?" ಅಂದಳು. ನಿನ್ನ ಮಾತನ್ನೇ ಹೇಳಿದೆ — ಬ್ಯಾಂಡೇಜು, ರಟ್ಟೆ, ಡಾಕ್ಟರನ್ನು ಒಂದು ಮಾತು ಕೇಳುವುದು. ಎಲ್ಲರೂ ಬರೆದುಕೊಂಡರು. ನನಗೆ ನಾಚಿಕೆಯಾಯಿತು. ಪಾಠ ಅಲ್ಲಿಗೇ ನಿಲ್ಲಿಸಿದೆ.

ನಿನ್ನೆ ಸಾವಳಗಿ ಬಸ್ಸು ಹತ್ತಿದೆ. ಅಜ್ಜಿಯ ಮಗನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ — ಬೈದಿದ್ದರೆ ಚೆನ್ನಾಗಿತ್ತು.

"ಆ ಹುಡುಗಿ ನಮ್ಮವ್ವನ ಮಣ್ಣಿಗೆ ಬಂದಿದ್ಳ್ರೀ. ಬಾಗಿಲದಾಗಿಂದ ಹೊಳ್ಳಿ ಕಳಿಸಿದ್ವಿ" ಅಂದ.

ಇದು ನನಗೆ ಗೊತ್ತಿರಲಿಲ್ಲ, ಶೋಭಾ. ಅಜ್ಜಿಯನ್ನು ಮಣ್ಣು ಮಾಡುವಾಗ ಹೋಗಿದ್ದೆಯಾ ನೀನು? ನಾನು ಹೋಗಿರಲಿಲ್ಲ. ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಅವತ್ತು ಆ ಬಾಗಿಲಿಂದ ಹಿಂದಿರುಗಬೇಕಾದವಳು ನಾನು.