ಎಂಟು ನಿಮಿಷದ ಪ್ರೊಸೆಸರ್

ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಕಡಿಮೆ ಬೆಲೆಯ ಯಾವ ಪ್ರೊಸೆಸರ್ ಹಾಕಿಸಲಿ ಅಂತ ಮೊನ್ನೆ ಯಾರೋ ಇಲ್ಲಿ ಕೇಳಿದ್ದರು. ಕೆಳಗೆ ಸಾಲುಸಾಲು ಉತ್ತರಗಳು ಬಂದಿದ್ದವು. ನಾನು ಮಾತ್ರ ಬರೆಯಲಿಲ್ಲ. ಆ ವಿಷಯದಲ್ಲಿ ಬಾಯಿ ಬಿಡುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಅಂತ ಇವತ್ತು ಹೇಳಿಬಿಡುತ್ತೇನೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಮನೆ ಮುಚ್ಚಂಡಿಯಲ್ಲಿ, ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ಕನ್ನಡ ಹಳ್ಳಿ. ಸಾಂಗ್ಲಿಯ ಸೋದರತ್ತೆಯ ಮಗ ಹೊಸ ಕಂಪ್ಯೂಟರ್ ಕೊಂಡು, ಗೇಮ್ ಆಡಲೆಂದೇ ಜೋಡಿಸಿಕೊಂಡಿದ್ದ ಹಳೆಯದನ್ನು ನಮಗೆ ದಾಟಿಸಿದ್ದ. ನಾನು ಡಿಗ್ರಿ ಮುಗಿಸಿ ಖಾಲಿ ಕೂತವನು. ಮಧ್ಯಾಹ್ನದಿಂದ ಕಾರ್ ರೇಸ್ ಆಡುತ್ತಿದ್ದೆ. ಬೆಳಗಿನ ಹೊತ್ತು ಕಂಪ್ಯೂಟರ್ ಅಕ್ಕನದು. ಅವಳು ತಹಸೀಲ್ದಾರ್ ಕಚೇರಿಯ ಕ್ಲರ್ಕ್ ನೌಕರಿಗೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಮರಾಠಿ ಟೈಪಿಂಗ್ ಒಂದೇ. ಹತ್ತು ನಿಮಿಷದಲ್ಲಿ ಒಂದು ಪುಟ, ಪ್ರತಿ ತಪ್ಪಿಗೂ ಅಂಕ ಕಡಿತ. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಆ ನೌಕರಿ ಸಿಕ್ಕರೆ ನಮ್ಮ ಮನೆತನದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲನೆಯವಳು ಅವಳಾಗುತ್ತಿದ್ದಳು.

ಅಷ್ಟರಲ್ಲಿ ನಾನೊಂದು ಹೊಸ ಗೇಮ್ ಹಾಕಿದೆ. ತಿರುವು ಬಂದಾಗಲೆಲ್ಲ ಕಾರು ಮುಗ್ಗರಿಸಿ ಮುಗ್ಗರಿಸಿ ಹೋಗುತ್ತಿತ್ತು. ಪ್ರೊಸೆಸರ್ ಬದಲಿಸಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರು. ಮದರ್‌ಬೋರ್ಡಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಪ್ರೊಸೆಸರನ್ನು ಬಿಚ್ಚಿ ಜೇಬಿಗಿಟ್ಟುಕೊಂಡು ಮಿರಜಿಗೆ ಹೋದೆ. ಅಲ್ಲಿ ಹಳೆಯ ಬಿಡಿಭಾಗ ಮಾರುವ ಒಂದು ಸಣ್ಣ ಅಂಗಡಿ ಇತ್ತು.

ಅಂಗಡಿಯವರು ಚೀಟಿ ನೋಡಿ ಎರಡು ಪ್ರೊಸೆಸರ್ ತೆಗೆದಿಟ್ಟರು. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು 3.4 ಗಿಗಾಹರ್ಟ್ಸ್, ಇನ್ನೊಂದು 1.8. ನಾನು ಮರಾಠಿಯಲ್ಲಿ ಕೇಳುತ್ತಿದ್ದೆ. ನನ್ನ ಮರಾಠಿ ಕೇಳಿಯೇ ಅವರು ಕನ್ನಡಕ್ಕೆ ಹೊರಳಿದರು.

"ತಮ್ಮಾ, ನಂಬರ್ ನೋಡಿ ತಗೋಬ್ಯಾಡ. ಈ ಸಣ್ಣದರಾಗ ಎರಡು ಕೋರ್ ಅದಾವ, ಎರಡು ಎತ್ತು ಹೂಡಿದಂಗ, ಬಿಸಿ ಆಗಂಗಿಲ್ಲ. ಆ ದೊಡ್ಡದು ಒಲಿ ಇದ್ದಂಗ. ಅದಕ್ಕ ದೊಡ್ಡ ಫ್ಯಾನ್ ಬೇರೆ ಬೇಕಾಗ್ತದ."

ಅವರು ಒಳ್ಳೆಯ ಮಾತೇ ಹೇಳಿದ್ದರು. ನನಗೆ ಕೇಳಿಸಿದ್ದು ಬೇರೆ. ನಾನು ಬಾಯಿ ತೆರೆದ ಕೂಡಲೇ ಜತ್ತ ಕಡೆಯ ಹಳ್ಳಿಯವನು ಅಂತ ಗುರುತು ಹಿಡಿದು, ಯಾರೂ ಒಯ್ಯದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಮೂರೂವರೆ ಎಚ್‌ಪಿ ಪಂಪಿನ ಎದುರು ಎರಡು ಎಚ್‌ಪಿ ಪಂಪ್ ಯಾವನು ಒಯ್ಯುತ್ತಾನೆ? ಲೆಕ್ಕ ಅಷ್ಟೇ. ದೊಡ್ಡದನ್ನೇ ಕೊಡಿ ಅಂದೆ. ಫ್ಯಾನ್ ಬೇಡ, ಮನೆಯಲ್ಲಿದ್ದದ್ದೇ ಸಾಕು ಅಂದೆ. ಹಳೆಯ ಪ್ರೊಸೆಸರನ್ನು ಬದಲಿಗೆ ಕೊಟ್ಟೂ ಬಂದೆ. ಅವರು ದೊಡ್ಡದನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಮನೆಯಲ್ಲಿ ನಾನೇ ಕೂರಿಸಿದೆ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಐದಾರು ನಿಮಿಷಕ್ಕೆ ಪರದೆ ಕಪ್ಪಾಯಿತು. ಕ್ಯಾಬಿನೆಟ್ಟಿನೊಳಗೆ ಕೈಹಾಕಿದರೆ ಬೆರಳು ಚುರ್ರೆಂದಿತು. ಬಿಸಿ ತಡೆಯದೆ ಮಷಿನ್ ತಾನೇ ಆರುತ್ತಿದೆ ಅಂತ ಆ ಕ್ಷಣದಲ್ಲೇ ನನಗೆ ತಿಳಿಯಿತು. ಮರುದಿನ ಮಿರಜಿಗೆ ಹೋಗಿ ಆ ಫ್ಯಾನ್ ತಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರ ಮುಂದೆ ನಿಂತು "ನೀವು ಹೇಳಿದ್ದೇ ಖರೆ" ಅನ್ನಬೇಕಿತ್ತಲ್ಲ. ಅದು ಆಗಲಿಲ್ಲ.

ಬೆಳಿಗ್ಗೆ ಅಕ್ಕ ಟೈಪ್ ಮಾಡುತ್ತಿದ್ದಾಗ ಎಂಟನೇ ನಿಮಿಷಕ್ಕೆ ಆರಿತು. ಮರುದಿನವೂ ಅಷ್ಟೇ. ಏನಾಗಿದೆ ಅಂತ ಕೇಳಿದಳು. ಕರೆಂಟು ಅಂದೆ. ಬಲ್ಬು ಉರಿಯುತ್ತಿತ್ತು, ಅದನ್ನೂ ತೋರಿಸಿದಳು.

"ವೋಲ್ಟೇಜ್ ಇಲ್ಲಕ್ಕಾ. ಬಲ್ಬಿಗೆ ಸಾಕು, ಕಂಪ್ಯೂಟರಿಗೆ ಸಾಲಂಗಿಲ್ಲ."

ನಮ್ಮಲ್ಲಿ ಕರೆಂಟಿನ ಮೇಲೆ ಏನು ಹೇರಿದರೂ ಜನ ನಂಬುತ್ತಿದ್ದ ಕಾಲ. ಲೋಡ್‌ಶೆಡ್ಡಿಂಗ್‌ನಲ್ಲಿ ಬೆಳೆದವರು ನಾವು. ಅವಳೂ ನಂಬಿದಳು.

ನಂಬಿ ಏನು ಮಾಡಿದಳು ಕೇಳಿ. ಆರುವುದರೊಳಗೆ ಪುಟ ಮುಗಿಸಬೇಕು ಅಂತ ಹಟಕ್ಕೆ ಬಿದ್ದಳು. ಮೊದಲು ಒಂಬತ್ತು ನಿಮಿಷ ಬೇಕಾಗುತ್ತಿದ್ದ ಪುಟ ಎಂಟಕ್ಕೆ ಇಳಿಯಿತು, ಆಮೇಲೆ ಏಳೂವರೆಗೆ. ತಪ್ಪು ಕಂಡರೂ ತಿದ್ದಲು ನಿಲ್ಲುತ್ತಿರಲಿಲ್ಲ. ನಿಂತರೆ ಪರದೆ ಹೋಗುತ್ತದೆ. ಒಮ್ಮೆ ಪುಟ ಮುಗಿದ ಮೇಲೆ ಆರಿತು. "ಇವತ್ತ ನಾ ಗೆದ್ದೆ ನೋಡೋ" ಅಂತ ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಪರೀಕ್ಷೆ ಸಾಂಗ್ಲಿಯಲ್ಲಿ. ಜೊತೆಗೆ ಹೋಗಿದ್ದೆ. ಹೊರಗೆ ಬಂದವಳ ಮುಖ ಸಪ್ಪಗಿತ್ತು. ಏಳೂವರೆ ನಿಮಿಷಕ್ಕೇ ಮುಗಿಯಿತಂತೆ. ಓದಿ ನೋಡಿದರೆ ಸಾಲಿಗೆರಡು ತಪ್ಪು, ಪುಟ ಮುಗಿಸಿದ ಮೇಲೆ ಅಲ್ಲಿ ತಿದ್ದಲು ಬಿಡುತ್ತಿರಲಿಲ್ಲ. ನಿಧಾನ ಮಾಡು ಅಂತ ತನಗೆ ತಾನೇ ಹೇಳಿಕೊಂಡರೂ ಬೆರಳು ಕೇಳಲಿಲ್ಲ ಅಂದಳು. ತಪ್ಪಿನಿಂದಲೇ ನೌಕರಿ ಹೋಯಿತು. ಮುಂದಿನ ಸಲ ಅರ್ಜಿ ಕರೆಯುವಷ್ಟರಲ್ಲಿ ಅವಳ ವಯಸ್ಸು ಮೀರಿತ್ತು.

ಈಗ ಅಕ್ಕ ನಮ್ಮ ತಾಲೂಕಿನದೇ ಉಟಗಿಯಲ್ಲಿದ್ದಾಳೆ, ಗಂಡನ ಮನೆಯಲ್ಲಿ. ಊರಿನವರ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಒಂದು ಸಣ್ಣ ಅಂಗಡಿ ಇಟ್ಟಿದ್ದಾಳೆ. ಅವಳು ತುಂಬಿದ ಅರ್ಜಿ ಹೋಗುವುದು ಅದೇ ತಹಸೀಲ್ದಾರ್ ಕಚೇರಿಗೆ. ಅಲ್ಲಿ ಯಾರೋ ಕೂತು ನೋಡುತ್ತಾರೆ.

ಹೋದ ವರ್ಷ ಅವಳು ತವರಿಗೆ ಬಂದಾಗ ಎಲ್ಲ ಹೇಳಿದೆ. ಮಿರಜಿನ ಅಂಗಡಿ, ಬೇಡ ಅಂದ ಫ್ಯಾನ್, ಕರೆಂಟಿನ ಸುಳ್ಳು. ಬೈಯುತ್ತಾಳೆ, ಇಲ್ಲವೇ ಹೋಗಲಿ ಬಿಡು ಅನ್ನುತ್ತಾಳೆ ಅಂತ ಅಂದಾಜಿತ್ತು. ಎರಡೂ ಅಲ್ಲ. ಶೇಂಗಾ ಸುಲಿಯುತ್ತಿದ್ದ ಕೈ ನಿಲ್ಲಿಸಿದಳು.

"ತಪ್ಪು ಸಾಮಾನ ತಂದಿ, ಆತು, ಅದರಾಗೇನು. ಮಷಿನ್ ಕೆಟ್ಟದ ಅಂತ ಹೇಳಿದ್ದರ ನಾ ದಿನಾ ಜತ್ತಕ್ಕ ಹೋಗಿ ಕ್ಲಾಸಿನ್ಯಾಗ ಕುಂತು ಟೈಪ್ ಮಾಡ್ತಿದ್ದೆ. ನೀ ಕರೆಂಟು ಅಂದಿ. ಕರೆಂಟು ಎಲ್ಲಾ ಕಡೆ ಹಂಗ ಅಲ್ಲೇನು? ಅದಕ್ಕ ಮನ್ಯಾಗ ಕುಂತೆ."

ನನಗೆ ಇದು ಅಷ್ಟು ವರ್ಷ ಹೊಳೆದೇ ಇರಲಿಲ್ಲ. ಪ್ರೊಸೆಸರಿಗಾಗಿ ಮರುಗುತ್ತಾ ಕೂತಿದ್ದೆ. ಸಂಜೆ ಉಟಗಿಗೆ ಬೈಕಿನಲ್ಲಿ ಬಿಟ್ಟುಬರುತ್ತೇನೆ ಅಂದೆ. ಬೇಡ, ಜೀಪು ಸಿಗುತ್ತದೆ ಅಂತ ಹೇಳಿ ಒಬ್ಬಳೇ ಸ್ಟ್ಯಾಂಡಿಗೆ ನಡೆದಳು.