ಜೋಳದ ಹೊಲಕ್ಕೆ ಮೂರು ಸ್ಟಾರ್

ಹೋದ ಭಾನುವಾರ ನಾವು ಮಾದಪ್ಪನನ್ನು ಭಾರಿ ಪೇಚಿಗೆ ಸಿಕ್ಕಿಸಿದೆವು.

ನನ್ನ ಭಾವಮೈದ ರವಿ ಮೈಸೂರಿನಲ್ಲಿ ಬ್ಯಾಂಕ್ ನೌಕರ. ಹೊಸದಾಗಿ ಉದ್ದ ಮೂತಿಯ ಕ್ಯಾಮೆರಾ ಕೊಂಡಿದ್ದಾನೆ. ಚಾಮರಾಜನಗರದ ನಮ್ಮ ಮನೆಗೆ ಬಂದವನೇ, "ಭಾವ, ಆನೆ ಫೋಟೋ ತೆಗೀದೆ ನಾನು ವಾಪಸ್ ಹೋಗಲ್ಲ" ಅಂತ ಪಟ್ಟು ಹಿಡಿದ. ಸರಿ, ಪುಣಜನೂರಿನ ಕಡೆ ಹೊರಟೆವು. ದಾರಿಯಲ್ಲಿ ಮಾದಪ್ಪನದೊಂದು ಸಣ್ಣ ಗುಡಿ ಸಿಕ್ಕಿತು. ರವಿ ಕಾರು ನಿಲ್ಲಿಸಿ ಇಳಿದು ಕೈಮುಗಿದ. "ಇವತ್ತು ಆನೆ ಬರೋ ಹಾಗೆ ಮಾಡಪ್ಪ."

ನಾವು ಉಳಿಯಬೇಕಿದ್ದದ್ದು ಕಾಡಂಚಿನ ಮಹದೇವಮ್ಮನವರ ಹೊಲದ ಮನೆಯಲ್ಲಿ. ತಲುಪಿದಾಗ ಆ ತಾಯಿ ಅದೇ ಮಾದಪ್ಪನ ಪಟಕ್ಕೆ ದೀಪ ಹಚ್ಚುತ್ತಿದ್ದರು. "ಇನ್ನೆಲ್ಡ್ ದಿನ ಆನ ಇತ್ಲಾಗ್ ಬರ್ದಂಗ್ ನೋಡ್ಕೊಳಪ್ಪ, ಮಾದೇವ."

ದೇವರೂ ಒಬ್ಬನೇ, ಆನೆಯೂ ಅದೇ. ಈಗ ಅವನು ಯಾರ ಮಾತು ಕೇಳಬೇಕು?

ಮಹದೇವಮ್ಮನ ಅವಸರಕ್ಕೆ ಕಾರಣವಿತ್ತು. ಮುಸುಕಿನ ಜೋಳ ಬಲಿತು ನಿಂತಿತ್ತು, ಮುರಿಯಲು ಮಂಗಳವಾರಕ್ಕೆ ಆಳುಗಳನ್ನು ಗೊತ್ತು ಮಾಡಿದ್ದರು. ಹೋದ ವರ್ಷ ಇದೇ ಹೊತ್ತಿಗೆ ಆನೆಗಳು ಒಳಗೆ ನುಗ್ಗಿ, ತಿಂದದ್ದು ಅರ್ಧ, ತುಳಿದದ್ದು ಇನ್ನರ್ಧ. ಮನೆಗೆ ಒಂದು ತೆನೆಯೂ ಬರಲಿಲ್ಲ.

ಹೊಲದ ಉಸ್ತುವಾರಿ ಈ ಅತ್ತೆಯದು. ಬರುವ ಅತಿಥಿಗಳ ಉಸ್ತುವಾರಿ ಸೊಸೆ ರೂಪಾಳದು. ಮಗ ಮಹೇಶ ಬೆಳಗ್ಗೆ ಹಕ್ಕಿ ತೋರಿಸುತ್ತಾನೆ. ರೂಪಾ ಹೊಲ ಸುತ್ತಿಸಿ, ಹಾಲು ಕರೆಸಿ (ಹಸು ಒಪ್ಪಿದರೆ ಮಾತ್ರ), ಫೋನಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾಳೆ. ಫೋನ್ ಮಾಡುವವರೆಲ್ಲರದೂ ಮೊದಲ ಪ್ರಶ್ನೆ ಒಂದೇ: ಆನೆ ಬರುತ್ತಾ? ಬಂದರೆ ಸೊಸೆಗೆ ಲಾಭ, ಅತ್ತೆಗೆ ನಷ್ಟ. ಒಂದೇ ಮನೆಯಲ್ಲಿ! "ಅದೃಷ್ಟ ಇದ್ರೆ ಬರುತ್ತೆ ಸಾರ್" ಅನ್ನುತ್ತಾಳೆ ರೂಪಾ. ಯಾರ ಅದೃಷ್ಟ ಅಂತ ಹೇಳುವುದಿಲ್ಲ.

ನಮಗೂ ಹೊಲ ತೋರಿಸಿದಳು. ಅರಿಶಿನದ ಎಲೆ ಹಿಸುಕಿ ಮೂಸಲು ಕೊಟ್ಟಳು. ಆಹಾ, ಎಂಥ ಘಮ! ರವಿ ಮಾತ್ರ ಕಾಡಿನ ಕಡೆಯಿಂದ ಕಣ್ಣು ಕೀಳಲಿಲ್ಲ.

ಸಂಜೆ ಎಲ್ಲರೂ ಕಾವಲಿನ ಅಟ್ಟಣೆ ಹತ್ತಿ ಕೂತೆವು. ಇನ್ನೂ ಬೆಳಕಿತ್ತು. ಬಿದಿರು ಲಟಲಟ ಅಂದಿತು. ಒಂಟಿ ಸಲಗ ಹೊರಗೆ ಬಂದು, ಆನೆ ದಾಟದಿರಲಿ ಅಂತ ತೋಡಿದ್ದ, ಮಳೆಗೆ ಕುಸಿದಿದ್ದ ಕಂದಕದ ಅಂಚಿನಲ್ಲಿ ನಿಂತಿತು. ನಿಜ ಹೇಳುತ್ತೇನೆ, ಅಷ್ಟು ಚೆಂದದ ಪ್ರಾಣಿಯನ್ನು ನಾನು ನೋಡಿಲ್ಲ. ಅಷ್ಟು ಹೆದರಿದ್ದೂ ಇಲ್ಲ.

ಮಹದೇವಮ್ಮ ಒಂದು ಕೈಯಲ್ಲಿ ಪಟಾಕಿ, ಇನ್ನೊಂದರಲ್ಲಿ ಉರಿಯುವ ಊದುಬತ್ತಿ ಹಿಡಿದು ಎದ್ದರು.

"ಅಮ್ಮಾ, ಒಂದ್ನಿಮಿಷ!" ರವಿ ಪಿಸುಗುಟ್ಟಿದ. "ಇನ್ನು ಸ್ವಲ್ಪ ಈ ಕಡೆ ಬರ್ಲಿ."

ಈ ಕಡೆ ಅಂದರೆ ಎಲ್ಲಿಗೆ? ಜೋಳದೊಳಕ್ಕೆ!

ಆಕೆಯ ಕೈ ನಿಂತುಬಿಟ್ಟಿತು. ಮನೆಗೆ ಬಂದವರ ಮಾತು ಮೀರಿ ಅಭ್ಯಾಸವಿಲ್ಲದ ಜೀವ. ಸೊಸೆಯ ಮುಖ ನೋಡಿದರು. ಆನೆ ಒಂದು ಕಾಲು ಕಂದಕಕ್ಕೆ ಇಳಿಸಿತು. ನನಗೆ ಭಾವಮೈದನ ಮೇಲೆ ಕೆಟ್ಟ ಸಿಟ್ಟು ಬಂತು. ಆದರೆ ಬಾಯಿ ತೆರೆದವಳು ರೂಪಾ.

"ಅತ್ತೆ, ಹಚ್ಚಿ."

ಢಂ! ಮಹೇಶ ಕೆಳಗಿನಿಂದ ಕೂಗು ಹಾಕಿದ. ಸಲಗ ತಿರುಗಿ ಕಾಡು ಸೇರಿತು. ರವಿಯ ಕ್ಯಾಮೆರಾಕ್ಕೆ ಸಿಕ್ಕಿದ್ದು ಹೊಗೆ ಮತ್ತು ಬಾಲ.

ಊಟಕ್ಕೆ ಕೂತಾಗ ಅವನ ಮುಖ ಊದಿಕೊಂಡಿತ್ತು. ಮಹದೇವಮ್ಮನೇ ಬಂದು ಇನ್ನೊಂದು ಮುದ್ದೆ ಇಟ್ಟರು. "ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಜೋಳ ಮುರ್ದ್ಬುಡ್ತೀವಿ, ಆಮೇಕ್ ಬಾ. ಆಗ ಆನ ಬರ್ಲಿ ಅಂತ ನಾನೇ ಕೇಳ್ಕತೀನಿ."

ಎಂಥ ಮನಸ್ಸು ನೋಡಿ! (ಜೋಳವಿಲ್ಲದ ಹೊಲಕ್ಕೆ ಆನೆ ಯಾಕೆ ಬರುತ್ತೆ ಅಂತ ಮಾತ್ರ ಕೇಳಬೇಡಿ. ಅದು ಬರುವುದು ಊಟಕ್ಕೆ, ಪೋಸ್ ಕೊಡುವುದಕ್ಕಲ್ಲ.)

ಬುಧವಾರ ರೂಪಾ ಫೋನ್ ಮಾಡಿದಳು. ರವಿ ರಿವ್ಯೂ ಹಾಕಿದ್ದನಂತೆ. ಓದಿ ಹೇಳಿದಳು: ಊಟ ಸೂಪರ್, ಜಾಗ ಚೆನ್ನಾಗಿದೆ, ಆದರೆ ಪಟಾಕಿ ಹೊಡೆದು ವನ್ಯಜೀವಿಗಳಿಗೆ ಹಿಂಸೆ ಕೊಡುತ್ತಾರೆ. ಮೂರು ಸ್ಟಾರ್.

ಮುದ್ದೆ ಎರಡು ತಿಂದವನು!

"ಇದನ್ನ ಓದಿದ್ರೆ ಯಾರ್ ಸಾರ್ ಬುಕ್ ಮಾಡ್ತಾರೆ?" ರೂಪಾಳ ದನಿ ಇಳಿದಿತ್ತು. "ಅವ್ರು ನಿಮ್ ಕಡೆಯವ್ರಲ್ವಾ, ಏನ್ ಉತ್ತರ ಬರೀಲಿ ಹೇಳಿ. ಸಾರಿ ಅಂತ ಹಾಕ್ಬುಡ್ಲಾ?"

ಅಷ್ಟರಲ್ಲಿ ಫೋನಿನಲ್ಲೇ ಅವಳ ಹಿಂದಿನಿಂದ ಅತ್ತೆಯ ಗಂಟಲು ಕೇಳಿಸಿತು:

"ಸಾರಿ ಯಾಕಮ್ಮಿ? ಜೋಳ ಮನಗ್ ಬಂತು ಅಂತ ಬರಿ."