ಅಮ್ಮ ಹಿಡಿದು ಇಳಿಯುತ್ತಿದ್ದ ಬಾಗಿಲು

“ಡಿಗ್ರಿ ಓದಿದೋರ ಕೈಲಿ ಸ್ಪ್ಯಾನರ್ ನಿಲ್ಲಲ್ಲ ಮಾರಾಯ್ತಿ, ಸುಮ್ನೆ ಆ ಗಾಡೀನ ಗುಜರಿಗೆ ಹಾಕಿ” ಎಂದವರು ಗೋಣಿಬೀಡಿನ ನಮ್ಮ ಚಿಕ್ಕಪ್ಪ. ನಮ್ಮ ಹಳೇ ಕಾರಿನ ಮುಂದಿನ ಎಡ ಬಾಗಿಲು ಜೋತುಬಿದ್ದಿತ್ತು. ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತಿತ್ತು. ಹದಿನೈದು ವರ್ಷ ತುಂಬಿದ ಗಾಡಿ. ಹಾಗೇ ಒಯ್ದರೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾಗುವಂತಿರಲಿಲ್ಲ. ಅಪ್ಪನಿಗೋ ಅದನ್ನು ಮಾರಲು ಮನಸ್ಸಿಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಚಿಕ್ಕಪ್ಪನ ಮಾತಿಗೆ ಹಟ ಬಂತು. ಕಾಫಿ ಒಣಗಿಸುವ ಕಣದಲ್ಲಿ ಕಾರು ನಿಲ್ಲಿಸಿ, ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಮಡಚಿದ ಗೋಣಿಚೀಲ ಇಟ್ಟು ಬಾಗಿಲಿನ ಭಾರವನ್ನು ಅದಕ್ಕೆ ಹೊರಿಸಿದೆ. ಬಾಗಿಲು ತಿರುಗುವ ಹಿಂಜಿನ ಪಿನ್ನು ಹೊಡೆದು ತೆಗೆದಾಗ ಒಳಗೆ ಅದನ್ನು ಹಿಡಿದಿಡುವ ಹಿತ್ತಾಳೆ ಬಳೆಗಳಾದ ಬುಷ್‌ಗಳು ಕಾಗದದಷ್ಟು ತೆಳ್ಳಗೆ ಸವೆದಿದ್ದವು. ಎರಡು ಸಲ ತಪ್ಪಿ, ಹೆಬ್ಬೆರಳು ಜಜ್ಜಿಕೊಂಡು, ಸಂಜೆಯ ಹೊತ್ತಿಗೆ ಹೊಸವನ್ನು ಕೂರಿಸಿದೆ. ಬಾಗಿಲು ಒಂದೇ ಬೆರಳಿಗೆ ಮುಚ್ಚಿತು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಪ್ಪ ಎದ್ದು ಒಳಗೆ ಹೋದರು.

ಆ ಬುಷ್‌ಗಳನ್ನು ಸವೆಸಿದವಳು ನಮ್ಮಮ್ಮ. ಕಾಲು ಸೋತ ಮೇಲೆ ಎರಡು ವರ್ಷ, ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋದಾಗಲೆಲ್ಲ ಆ ಬಾಗಿಲಿಗೇ ಮೈಭಾರ ಹಾಕಿ ಹತ್ತಿ ಇಳಿಯುತ್ತಿದ್ದಳು. ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ವಾರದ ಬಳಿಕ ಗಾಡಿ ಪಾಸಾಯಿತು. ಹೆಮ್ಮೆಯಿಂದ ಫಿಟ್ನೆಸ್ ಪತ್ರವನ್ನು ಅಪ್ಪನ ಕೈಗಿಟ್ಟೆ. ಅವರು ಅದರತ್ತ ನೋಡದೆ ಅಭ್ಯಾಸಬಲದಿಂದ ಬಾಗಿಲನ್ನು ಎತ್ತಿ ತಳ್ಳಿದರು. ಅದು ದಡಾರನೆ ಬಡಿಯಿತು. “ಅವಳ ಭಾರಾನೂ ಇಲ್ದಂಗೆ ಮಾಡ್ಬಿಟ್ಯಲ್ಲ ಮಗಾ” ಎಂದರು.